ಲಾಠಿ ಏಟಿನ ಲೆಕ್ಕ: ಭೂಮಿ, ಕೂಲಿ, ಖಾಸಗೀಕರಣದ ಹೋರಾಟಗಳಲ್ಲಿ ಪೊಲೀಸ್ ಬಲಪ್ರಯೋಗವನ್ನು ದಾಖಲಿಸುವುದು ಹೇಗೆ? (ವೇದಿಕೆಯೊಂದರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹೊಲದ ಬದು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು 2022ರ ಏಪ್ರಿಲ್‌ನಿಂದ ಧರಣಿ ಕೂತರು. 2025ರ ಜೂನ್ 25ರಂದು ಅಲ್ಲಿ ಸೇರಿದ್ದವರನ್ನು ಪೊಲೀಸರು ಎಳೆದು ಬಸ್ಸಿಗೆ ತುಂಬಿದರು. ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಗೆದ್ದದ್ದು ಎಲ್ಲರಿಗೂ ಗೊತ್ತು. ಆದರೆ ಆ ಮೂರು ವರ್ಷಗಳಲ್ಲಿ ಎಳೆದಾಟ, ಏಟು, ಕೇಸು ತಿಂದವರ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಹಿಂದೆಯೂ ಹೀಗೇ ಆಗಿದೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ನೀರಾವರಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದವರ ಮೇಲೆ ಗೋಲಿಬಾರ್, ಇಬ್ಬರು ರೈತರ ಸಾವು. ಪ್ರತಿಸಲವೂ ವಿಚಾರಣಾ ಆಯೋಗ, ಪರಿಹಾರದ ಚೆಕ್, ವರ್ಷಕ್ಕೊಮ್ಮೆ ಹುತಾತ್ಮರ ದಿನ. ಏಟು ಕೊಟ್ಟವರು ಕಟಕಟೆಗೆ ಬಂದದ್ದು ಎಷ್ಟು ಸಲ?

ಇಲ್ಲಿ ಕಾನೂನು, ವೈದ್ಯಕೀಯ, ಕಾರ್ಮಿಕ ಸಂಘಟನೆ ಬಲ್ಲವರಿದ್ದೀರಿ. ಭಾಷಣ ಬೇಡ. ಏಟು ಬಿದ್ದ ಗಂಟೆಯಿಂದ ಏನು ಮಾಡಬೇಕು, ಯಾವುದು ಎಲ್ಲಿ ಕೈಕೊಡುತ್ತದೆ, ಅದನ್ನು ಬರೆಯಿರಿ.

ಕರಿಕೋಟು

ಮೊದಲು ಪೊಲೀಸರಿಗೆ ಇರುವ ಅಧಿಕಾರ ಎಷ್ಟು ಎನ್ನುವುದು ತಿಳಿದಿರಲಿ, ಮೀರಿದ್ದು ಎಲ್ಲಿ ಎನ್ನುವುದು ಆಮೇಲೆ ತಾನಾಗಿ ಕಾಣುತ್ತದೆ.

ಗುಂಪು ಚದುರಿಸುವ ಅಧಿಕಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 129ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 148. ಮೆಟ್ಟಿಲು ಎರಡು. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಚದುರಲು ಆದೇಶಿಸಬೇಕು. ಆದೇಶದ ನಂತರವೂ ಚದುರದಿದ್ದರೆ, ಇಲ್ಲವೇ ಚದುರುವುದಿಲ್ಲ ಎಂಬ ನಿರ್ಧಾರ ವರ್ತನೆಯಲ್ಲೇ ಕಂಡರೆ ಮಾತ್ರ ಬಲ. ಹಾಗಾಗಿ ಸ್ಥಳದಲ್ಲಿರುವವರು ಬರೆದಿಟ್ಟುಕೊಳ್ಳಬೇಕಾದ ಮೊದಲ ಸಂಗತಿ ಏಟಿನದ್ದಲ್ಲ, ಎಚ್ಚರಿಕೆಯದ್ದು. ಮೈಕಿನಲ್ಲಿ ಹೇಳಿದರೇ, ಯಾರು ಹೇಳಿದರು, ಕನ್ನಡದಲ್ಲೇ, ಎಷ್ಟು ಗಂಟೆಗೆ, ಹೇಳಿದ ಮೇಲೆ ಎಷ್ಟು ನಿಮಿಷ ಕಾದರು, ಹೊರಹೋಗುವ ದಾರಿ ತೆರೆದಿತ್ತೇ. ಎರಡೂ ಬದಿ ಬ್ಯಾರಿಕೇಡ್ ಹಾಕಿ ‘ಚದುರಿ’ ಎಂದರೆ ಅದು ಪಾಲಿಸಲಾಗದ ಆದೇಶ.

ಎರಡು ತೀರ್ಪು ನೆನಪಿಡಿ. ರಾಮಲೀಲಾ ಮೈದಾನ ಪ್ರಕರಣದಲ್ಲಿ (2012) ಸುಪ್ರೀಂ ಕೋರ್ಟ್, ಮಲಗಿದ್ದ ಜನರ ಮೇಲೆ ಮಧ್ಯರಾತ್ರಿ ಬಲ ಬಳಸಿದ್ದನ್ನು ತಪ್ಪೆಂದಿತು. ಅನಿತಾ ಠಾಕೂರ್ ಪ್ರಕರಣದಲ್ಲಿ (2016) ಇನ್ನೂ ಸ್ಪಷ್ಟವಾಗಿ ಹೇಳಿತು: ಗುಂಪು ಆರಂಭದಲ್ಲಿ ಹಿಂಸೆಗೆ ಇಳಿದಿದ್ದರೂ, ಹತೋಟಿಗೆ ಬಂದ ಮೇಲೆ ಮುಂದುವರಿಸಿದ ಬಲ ಹಕ್ಕಿನ ಉಲ್ಲಂಘನೆ. ಬಿದ್ದವನ ಮೇಲೆ, ಓಡುತ್ತಿರುವವನ ಬೆನ್ನ ಮೇಲೆ, ವ್ಯಾನಿನೊಳಗೆ ಕೂರಿಸಿದ ಮೇಲೆ ಬಿದ್ದ ಏಟಿಗೆ ‘ಗುಂಪು ಚದುರಿಸಲು’ ಎಂಬ ಉತ್ತರ ನಿಲ್ಲುವುದಿಲ್ಲ. ಆದ್ದರಿಂದ ಹೇಳಿಕೆಯಲ್ಲಿ ‘ಲಾಠಿಯಿಂದ ಹೊಡೆದರು’ ಎಂದಷ್ಟೇ ಬರೆದರೆ ಅರ್ಧ ಕೆಲಸ. ಹೊಡೆದಾಗ ನೀವು ನಿಂತಿದ್ದಿರೋ, ಬಿದ್ದಿದ್ದಿರೋ, ಕೈ ಹಿಡಿದಿದ್ದರೋ ಎನ್ನುವುದೇ ಕೇಸಿನ ಜೀವ.

ಕಾರ್ಖಾನೆ ಗೇಟು

ಕರಿಕೋಟು ಹೇಳದ ಒಂದನ್ನು ಸೇರಿಸುತ್ತೇನೆ. ಹಳ್ಳಿ, ತಾಲ್ಲೂಕು ಮಟ್ಟದಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಎಂದರೆ ತಹಶೀಲ್ದಾರ್. ಕಾಗದದ ಮೇಲಾದರೂ ಪೊಲೀಸರ ಹೊರಗಿನ ಒಂದು ಕಣ್ಣು. ಕಮಿಷನರೇಟ್ ಇರುವ ಕಡೆ, ಅಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ, ಆ ಅಧಿಕಾರವೂ ಪೊಲೀಸ್ ಕಮಿಷನರ್ ಬಳಿಯೇ. ನಿಷೇಧಾಜ್ಞೆ ಹಾಕುವವರು, ಮೆರವಣಿಗೆಗೆ ಅನುಮತಿ ಕೊಡುವವರು, ಚದುರಿಸಲು ಹೇಳುವವರು, ಲಾಠಿ ಹಿಡಿದವರು ಎಲ್ಲ ಒಂದೇ ಇಲಾಖೆ. ಬೆಂಗಳೂರಿನ 2021ರ ಪ್ರತಿಭಟನಾ ಆದೇಶದ ನಂತರ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲಿ ಕೂತರೂ ಕೂತದ್ದೇ ಅಪರಾಧವಾಗುತ್ತದೆ.

ಇದಕ್ಕೂ ಆರ್ಥಿಕ ನೀತಿಗೂ ನೇರ ನಂಟಿದೆ. ಕೈಗಾರಿಕಾ ಸಂಬಂಧ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಯಾವುದೇ ಕಾರ್ಖಾನೆಯಲ್ಲಿ ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ನೋಟಿಸ್ ಕೊಟ್ಟರೆ ಸಂಧಾನಾಧಿಕಾರಿ ಕಲಾಪ ನಡೆಸಬೇಕು. ಸಂಧಾನ ನಡೆಯುವಷ್ಟೂ ದಿನ, ಮುಗಿದ ಮೇಲೆ ಇನ್ನೂ 7 ದಿನ ಮುಷ್ಕರ ಕೂಡದು. ವಿಷಯ ನ್ಯಾಯಮಂಡಳಿಗೆ ಹೋದರೆ ಅಲ್ಲಿ ಮುಗಿದ ಮೇಲೆ 60 ದಿನ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಅಕ್ರಮ ಮುಷ್ಕರಕ್ಕೆ ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿ ದಂಡ, ಇಲ್ಲವೇ ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸರ್ಕಾರದ ಅನುಮತಿಯಿಲ್ಲದೆ ಜನರನ್ನು ತೆಗೆಯಬಹುದಾದ ಮಿತಿ ಮಾತ್ರ 100ರಿಂದ 300 ಕಾರ್ಮಿಕರಿಗೆ ಏರಿದೆ.

ಹೀಗೆ ಸಕ್ರಮ ದಾರಿ ಕಿರಿದಾದಷ್ಟೂ ಹೆಚ್ಚು ಜನ ‘ಅಕ್ರಮ ಕೂಟ’ದ ಒಳಗೆ ಬೀಳುತ್ತಾರೆ. ಲಾಠಿಗೆ ಕಾನೂನಿನ ಹೊದಿಕೆ ಸಿಗುವುದು ಅಲ್ಲಿಂದ. ಭೂಮಿಯಲ್ಲೂ ಹೀಗೇ: 2013ರ ಕೇಂದ್ರ ಕಾಯ್ದೆಯಲ್ಲಿ ಖಾಸಗಿ ಯೋಜನೆಗೆ 80% ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ ಬೇಕು, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ 1966ರ ಕಾಯ್ದೆಯ 28(1), 28(4) ಅಧಿಸೂಚನೆ ಹೊರಡಿಸಿದರೆ ಎರಡೂ ಬೇಕಿಲ್ಲ. ಒಪ್ಪಿಗೆ ಕೇಳುವ ಹಂತವನ್ನೇ ತೆಗೆದುಹಾಕಿದ ಮೇಲೆ ರೈತ ‘ಇಲ್ಲ’ ಎನ್ನಲು ಉಳಿಯುವ ಜಾಗ ರಸ್ತೆ ಒಂದೇ.

ಮೂಳೆ ಮಾತು

ವೈದ್ಯಕೀಯದ ಕಡೆಯಿಂದ. ಲಾಠಿ ಪ್ರಹಾರದ ನಂತರ ನಡೆದುಕೊಂಡು ಮನೆಗೆ ಹೋದವರಿಗೆ ಎರಡನೇ ದಿನ ಅಪಾಯ ಬರುವುದುಂಟು. ಅದನ್ನೇ ಮೊದಲು ಬರೆಯುತ್ತೇನೆ, ಜೀವಕ್ಕೆ ಸಂಬಂಧಿಸಿದ್ದು.

ತೊಡೆ, ಪೃಷ್ಠ, ಮೀನಖಂಡದ ಮೇಲೆ ಬಹಳ ಏಟು ಬಿದ್ದರೆ ಸ್ನಾಯು ಜಜ್ಜಿ ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಮೂತ್ರ ಕಡು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಇಲ್ಲವೇ ಕಡಿಮೆಯಾದರೆ, ಕಾಯಬೇಡಿ. ಆಸ್ಪತ್ರೆಯಲ್ಲಿ ಕೇಳಬೇಕಾದ ಪರೀಕ್ಷೆ: ಸಿಪಿಕೆ (ಕ್ರಿಯಾಟಿನ್ ಕೈನೇಸ್), ಪೊಟ್ಯಾಷಿಯಂ, ಕ್ರಿಯಾಟಿನಿನ್. ಸಿಪಿಕೆ ಏಟಿನ ನಂತರ 24ರಿಂದ 72 ಗಂಟೆಗಳಲ್ಲಿ ತುದಿ ಮುಟ್ಟುತ್ತದೆ. ಹಾಗಾಗಿ ಮೊದಲ ಗಂಟೆಯ ಒಂದೇ ಪರೀಕ್ಷೆ ನೋಡಿ ಸಮಾಧಾನಪಡಬೇಡಿ. 5,000 ದಾಟಿದರೆ ಮೂತ್ರಪಿಂಡಕ್ಕೆ ಅಪಾಯ, ಡ್ರಿಪ್ ಬೇಕೇಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚುಮದ್ದು ಕೊಡುವುದು. ಜಖಂಗೊಳ್ಳುತ್ತಿರುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು. ಪ್ಯಾರಾಸಿಟಮಾಲ್ ಕೇಳಿ.

ಕಾಲು ಅಥವಾ ಮುಂಗೈ ಕಲ್ಲಿನಂತೆ ಬಿಗಿದು, ಬೆರಳನ್ನು ಬೇರೆಯವರು ಮೆಲ್ಲಗೆ ಚಾಚಿದಾಗ ತಡೆಯಲಾಗದ ನೋವು ಬಂದರೆ ಸ್ನಾಯುಗಳನ್ನು ಸುತ್ತಿದ ಪೊರೆಯೊಳಗೆ ಒತ್ತಡ ಏರಿದೆ ಎಂದರ್ಥ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಸ್ನಾಯು ಸತ್ತುಹೋಗುತ್ತದೆ. ತಲೆಗೆ ಏಟು ಬಿದ್ದವರನ್ನು 24 ಗಂಟೆ ಒಂಟಿಯಾಗಿ ಬಿಡಬೇಡಿ. ಮತ್ತೆಮತ್ತೆ ವಾಂತಿ, ಹೆಚ್ಚುತ್ತಿರುವ ಮಂಪರು, ಎರಡು ಕಣ್ಣಿನ ಪಾಪೆ ಬೇರೆಬೇರೆ ಗಾತ್ರ ಕಂಡರೆ ಸಿಟಿ ಸ್ಕ್ಯಾನ್.

ಇನ್ನು ಸಾಕ್ಷ್ಯ. ದುಂಡನೆಯ ಕೋಲಿನ ಏಟಿಗೆ ಒಂದು ಗುರುತಿದೆ: ಎರಡು ಸಮಾನಾಂತರ ಕೆಂಪು ಗೆರೆ, ನಡುವೆ ಬಿಳಚಿದ ಪಟ್ಟಿ. ಬಿದ್ದು ಆದ ಗಾಯ, ಕಲ್ಲಿನ ಗಾಯ ಹಾಗಿರುವುದಿಲ್ಲ. ತಲೆ ಕಾಯಲು ಕೈ ಎತ್ತಿದವರಲ್ಲಿ ಮುಂಗೈಯ ಕಿರುಬೆರಳ ಕಡೆಯ ಮೂಳೆ, ಅಲ್ನಾ, ನಡುವೆ ಮುರಿಯುತ್ತದೆ. ಕೈಯೂರಿ ಬಿದ್ದವರಲ್ಲಿ ಸಾಮಾನ್ಯವಾಗಿ ಮುರಿಯುವುದು ಹೆಬ್ಬೆರಳ ಕಡೆಯ ಮೂಳೆಯ ಮಣಿಕಟ್ಟಿನ ತುದಿ. ಎಕ್ಸ್‌ರೇ ಚೀಟಿಯಲ್ಲಿ ‘ಮುಂಗೈ ಮುರಿತ’ ಎಂದು ಬರೆದು ಬಿಟ್ಟರೆ ಈ ವ್ಯತ್ಯಾಸ ಕಳೆದುಹೋಗುತ್ತದೆ. ಯಾವ ಮೂಳೆ, ಯಾವ ಭಾಗ ಎಂದು ಬರೆಸಿ.

ಬಾಸುಂಡೆಯ ಫೋಟೊ ಮೂರು ದೂರದಿಂದ: ಮುಖ ಸೇರಿ ಇಡೀ ದೇಹ, ಆ ಅಂಗ, ಗಾಯದ ಹತ್ತಿರ. ಹತ್ತಿರದ್ದರಲ್ಲಿ ಅಳತೆಪಟ್ಟಿ ಗಾಯದ ಪಕ್ಕದಲ್ಲೇ ಚರ್ಮಕ್ಕೆ ತಾಗಿರಲಿ, ಕ್ಯಾಮೆರಾ ನೇರವಾಗಿರಲಿ. ಮೊದಲ ದಿನ ತೆಗೆದು ಸುಮ್ಮನಾಗಬೇಡಿ. ಆಳದ ರಕ್ತ ಚರ್ಮಕ್ಕೆ ಬರಲು ಸಮಯ ಬೇಕು. ಮೂರನೇ, ಐದನೇ ದಿನ ಗುರುತು ಹೆಚ್ಚು ಸ್ಪಷ್ಟ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು, ಊತ ಕಾಣುತ್ತದೆ. ಓರೆ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ.

ಹೊಲದ ಬದು

@ಮೂಳೆ ಮಾತು, ಸರ್ಕಾರಿ ಆಸ್ಪತ್ರೆಯಲ್ಲಿ ‘ಪೊಲೀಸ್ ಪತ್ರ ತನ್ನಿ, ಆಮೇಲೆ ನೋಡ್ತೀವಿ’ ಎನ್ನುತ್ತಾರೆ. ಆಗ?

ಕರಿಕೋಟು

ಆ ಮಾತು ತಪ್ಪು. ಪರಮಾನಂದ ಕಟಾರಾ ತೀರ್ಪು (1989) ಸರ್ಕಾರಿ, ಖಾಸಗಿ ಎಲ್ಲ ವೈದ್ಯರಿಗೂ ಅನ್ವಯ: ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ. ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣ ಎಂದು ನೋಂದಾಯಿಸಿ ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ಗಾಯಾಳುವಿನದ್ದಲ್ಲ. ಎಂಎಲ್‌ಸಿ ಸಂಖ್ಯೆಯನ್ನು ಬರೆದುಕೊಳ್ಳದೆ ಹೊರಬರಬೇಡಿ. ‘ಗಾಯ ಹೇಗಾಯಿತು’ ಎಂಬ ಅಂಕಣದಲ್ಲಿ ‘ಬಿದ್ದು’ ಎಂದು ಬರೆದರೆ ಅಲ್ಲೇ ಸರಿಪಡಿಸಿ. ‘ಇಂಥ ಸ್ಥಳದಲ್ಲಿ, ಇಂಥ ಗಂಟೆಗೆ, ಸಮವಸ್ತ್ರದ ಪೊಲೀಸರು ಲಾಠಿಯಿಂದ’ ಎಂದಿರಬೇಕು. ಮೊದಲ ಆಸ್ಪತ್ರೆಯ ಆ ಒಂದು ಸಾಲಿನ ಮೇಲೆ ಎಷ್ಟೋ ಕೇಸು ಬಿದ್ದುಹೋಗಿವೆ.

ಬಂಧನದಲ್ಲಿದ್ದರೆ ಬಿಎನ್‌ಎಸ್‌ಎಸ್ 53ರಂತೆ ಬಂಧನದ ಬೆನ್ನಲ್ಲೇ ವೈದ್ಯಕೀಯ ಪರೀಕ್ಷೆ ಆಗಬೇಕು. ವರದಿಯ ಪ್ರತಿ ಬಂಧಿತರಿಗೆ ಕೊಡಬೇಕು. ಕೇಳದಿದ್ದರೆ ಕೊಡುವುದಿಲ್ಲ, ಕೇಳಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ‘ಏನಾದರೂ ಹೇಳುವುದಿದೆಯೇ’ ಎಂಬ ಪ್ರಶ್ನೆಗೆ ಹೆಚ್ಚಿನವರು ಹೆದರಿ ಇಲ್ಲ ಎನ್ನುತ್ತಾರೆ. ಅಂಗಿ ಎತ್ತಿ ಬೆನ್ನು ತೋರಿಸಿ. ದಾಖಲಿಸಿಕೊಳ್ಳುವಂತೆ ಬಾಯಿಬಿಟ್ಟು ಕೇಳಿ. ಮುಂದೆ ‘ರಿಮಾಂಡ್ ವೇಳೆ ಆರೋಪಿ ಯಾವುದೇ ದೂರು ಹೇಳಿಲ್ಲ’ ಎಂಬ ವಾಕ್ಯ ಸರ್ಕಾರಿ ವಕೀಲರ ಮೊದಲ ಅಸ್ತ್ರ.

ಒಂದು ಹೊಸ ಸಂಗತಿ, ಹಲವರಿಗೆ ತಿಳಿದಿಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) ‘20 ದಿನ ತೀವ್ರ ನೋವು ಅಥವಾ ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿ’ ಇದ್ದರೆ ತೀವ್ರ ಗಾಯ. ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 116ರಲ್ಲಿ ಅದು 15 ದಿನಕ್ಕೆ ಇಳಿದಿದೆ. ಮೂಳೆ ಮುರಿಯದಿದ್ದರೂ 15 ದಿನದ ಹೊರರೋಗಿ ಚೀಟಿ, ಮಾತ್ರೆ ಬಿಲ್ಲು, ಕೂಲಿಗೆ ಹೋಗಲಾಗದ ದಾಖಲೆ ಇದ್ದರೆ ಸಾಧಾರಣ ಗಾಯದ ಕೇಸು ತೀವ್ರ ಗಾಯದ್ದಾಗುತ್ತದೆ. ಆದ್ದರಿಂದ ಎರಡನೇ ವಾರದ ತಪಾಸಣೆ ತಪ್ಪಿಸಬೇಡಿ.

ಎದುರು ದಂಡೆ

ಇನ್ನೊಂದು ಬದಿಯನ್ನೂ ಹೇಳಬೇಕು. ಬಂದೋಬಸ್ತಿಗೆ ಬಂದ ಪೇದೆ ಎಷ್ಟೋ ಸಲ ಹಿಂದಿನ ರಾತ್ರಿಯಿಂದ ನಿಂತಿರುತ್ತಾನೆ. ಗುಂಪಿನಿಂದ ಕಲ್ಲು ಬಂದಾಗ ಯಾರು ಎಸೆದದ್ದು ಎಂದು ಅವನಿಗೆ ಕಾಣುವುದಿಲ್ಲ. ನರಗುಂದದಲ್ಲಿ ಪೊಲೀಸರ ಪ್ರಾಣವೂ ಹೋಗಿದೆ. ಎಲ್ಲವನ್ನೂ ‘ದೌರ್ಜನ್ಯ’ ಎಂದರೆ ನಿಜವಾದ ದೌರ್ಜನ್ಯ ಬೇರೆ ಮಾಡಿ ತೋರಿಸಲು ಆಗುವುದಿಲ್ಲ.

ಹಳೇ ಕಡತ

ಪೇದೆಯ ದಣಿವು ನಿಜ. ಆದರೆ ಅದು ಪ್ರಶ್ನೆಯನ್ನು ಮೇಲಕ್ಕೆ ಒಯ್ಯುತ್ತದೆ, ಅಳಿಸುವುದಿಲ್ಲ. ಅಷ್ಟು ಹೊತ್ತು ನಿಲ್ಲಿಸಿದ್ದು ಯಾರು, ಯಾವ ಆಯುಧ ಕೊಟ್ಟರು, ಏನು ಹೇಳಿ ಕಳಿಸಿದರು? ಚಿಲಿಯ ಉದಾಹರಣೆ ನೋಡಿ. 2019ರ ಅಕ್ಟೋಬರ್‌ನಲ್ಲಿ ಸ್ಯಾಂಟಿಯಾಗೋ ಮೆಟ್ರೊ ದರ 30 ಪೆಸೊ ಏರಿದ್ದಕ್ಕೆ ಶುರುವಾದದ್ದು ಖಾಸಗಿ ಪಿಂಚಣಿ, ಖಾಸಗಿ ನೀರು, ದುಬಾರಿ ಶಿಕ್ಷಣದ ವಿರುದ್ಧದ ಬಂಡಾಯವಾಯಿತು. ‘30 ಪೆಸೊ ಅಲ್ಲ, 30 ವರ್ಷ’ ಎಂಬುದು ಅವರ ಘೋಷಣೆ. ಪೊಲೀಸರು ಹಾರಿಸಿದ ‘ರಬ್ಬರ್’ ಚೆಂಡುಗಳನ್ನು ಚಿಲಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗ ಪರೀಕ್ಷಿಸಿತು: ರಬ್ಬರ್ 20% ಮಾತ್ರ, ಉಳಿದದ್ದು ಸಿಲಿಕಾ, ಬೇರಿಯಂ ಸಲ್ಫೇಟ್, ಸೀಸ. 400ಕ್ಕೂ ಹೆಚ್ಚು ಜನರ ಕಣ್ಣಿಗೆ ಗಾಯ. ನವೆಂಬರ್ 19ಕ್ಕೆ ಆ ಚೆಂಡುಗಳ ಬಳಕೆ ನಿಂತಿತು. ನಿಲ್ಲಿಸಿದ್ದು ಯಾರ ಮನಸ್ಸಾಕ್ಷಿಯೂ ಅಲ್ಲ; ರೋಗಿಗಳ ಕಣ್ಣಿನಿಂದ ತೆಗೆದ ಚೆಂಡನ್ನು ಎಸೆಯದೆ ಇಟ್ಟ ವೈದ್ಯರು, ಅದನ್ನು ಪರೀಕ್ಷಿಸಿದ ಪ್ರಯೋಗಾಲಯ.

ಇಟಲಿಯ ಜಿನೋವಾದ ಪಾಠ ಇನ್ನೂ ಕಹಿ. 2001ರ ಜುಲೈ, ಜಿ-8 ಶೃಂಗಸಭೆ, ಜಾಗತೀಕರಣದ ವಿರುದ್ಧ ಬೀದಿ ತುಂಬಿದ ಜನ. ಜುಲೈ 20ರಂದು ಕಾರ್ಲೊ ಜೂಲಿಯಾನಿ ಎಂಬ 23ರ ಯುವಕ ಪೊಲೀಸ್ ಗುಂಡಿಗೆ ಸತ್ತ. ಮರುರಾತ್ರಿ ಪ್ರತಿಭಟನಾಕಾರರು ಮಲಗಿದ್ದ ದಿಯಾಜ್ ಶಾಲೆಗೆ ನುಗ್ಗಿ ಹೊಡೆದರು; 93 ಜನರ ಬಂಧನ, 60ಕ್ಕೂ ಹೆಚ್ಚು ಮಂದಿಗೆ ಗಾಯ. ಶಾಲೆಯಲ್ಲಿ ಸಿಕ್ಕಿತೆಂದು ತೋರಿಸಿದ ಎರಡು ಪೆಟ್ರೋಲ್ ಬಾಂಬುಗಳನ್ನು ಪೊಲೀಸರೇ ತಂದಿಟ್ಟಿದ್ದರು. 11 ವರ್ಷದ ನಂತರ, 2012ರಲ್ಲಿ, ಇಟಲಿಯ ಅತ್ಯುನ್ನತ ನ್ಯಾಯಾಲಯ ಹಿರಿಯ ಅಧಿಕಾರಿಗಳ ಶಿಕ್ಷೆ ಎತ್ತಿಹಿಡಿಯಿತು. ಯಾವ ಅಪರಾಧಕ್ಕೆ? ಮುಖ್ಯವಾಗಿ ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ. ಹೊಡೆತದ ಆರೋಪಗಳು ಅಷ್ಟರಲ್ಲಿ ಕಾಲಮಿತಿ ಮೀರಿ ಬಿದ್ದುಹೋಗಿದ್ದವು. ಯಾರು ಹೊಡೆದರು ಎಂದು ಗುರುತಿಸಲೂ ಆಗಲಿಲ್ಲ. 2015ರಲ್ಲಿ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ ಅದನ್ನು ಚಿತ್ರಹಿಂಸೆ ಎಂದು ಕರೆದು, ಇಟಲಿಯ ಕಾನೂನಿನಲ್ಲಿ ಆ ಅಪರಾಧವೇ ಇಲ್ಲವೆಂದು ಎತ್ತಿತೋರಿಸಿತು. 2017ರಲ್ಲಿ ಇಟಲಿ ಕಾನೂನು ಮಾಡಿತು. ಭಾರತ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ, ಇವತ್ತಿಗೂ ಅನುಮೋದಿಸಿಲ್ಲ.

ಇವು ದೂರದ ಕತೆಗಳೂ ಅಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ಎದ್ದು 1992ರ ಡಿಸೆಂಬರ್‌ನಲ್ಲಿ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿತ್ತು. 1999ರಲ್ಲಿ ಕರ್ನಾಟಕದ ರೈತರು ಯುರೋಪಿನಲ್ಲಿ ಜಾಥಾ ಹೊರಟು ಜಿ-8 ಸಭೆಯ ವೇಳೆಗೆ ಕಲೋನ್ ನಗರದಲ್ಲಿದ್ದರು. ಜಿನೋವಾದ ಬೀದಿಗೆ ಬಂದ ಚಳವಳಿಯ ಒಂದು ಬೇರು ನಮ್ಮ ಹಸಿರು ಶಾಲಿನಲ್ಲಿದೆ.

ಸರ್ವರ್ ಕೋಣೆ

ವಿಡಿಯೊ ಬಗ್ಗೆ. ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡ ತುಣುಕು ಜನಾಭಿಪ್ರಾಯಕ್ಕೆ ಸರಿ, ಕೋರ್ಟಿಗೆ ದುರ್ಬಲ. ಅದು ಕಡತವನ್ನು ಕುಗ್ಗಿಸಿ, ತೆಗೆದ ಸಮಯ, ಸ್ಥಳದ ಮಾಹಿತಿಯನ್ನು ಕಿತ್ತುಹಾಕುತ್ತದೆ. ಕಳಿಸಲೇಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮೂಲ ಕಡತವಿರುವ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಅದೇ ದಿನ ಕಡತದ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು (ಎಸ್‌ಎಚ್‌ಎ-256 ವಿಧಾನದ್ದು), ತೆಗೆದು ಕಾಗದದಲ್ಲಿ ಬರೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದಲ್ಲಿ ಎರಡು ಭಾಗ: ‘ಎ’ ಭಾಗ ಸಾಧನದ ಒಡೆಯರದ್ದು, ‘ಬಿ’ ಭಾಗ ತಜ್ಞರದ್ದು. ಎರಡರಲ್ಲೂ ಹ್ಯಾಶ್ ಕೇಳುತ್ತಾರೆ. ಅಸಲಿಗೆ ಸಂಗೀತ, ಬಾಣದ ಗುರುತು, ಹೆಸರು ಸೇರಿಸಿದರೆ ಹ್ಯಾಶ್ ಬದಲಾಗುತ್ತದೆ; ಪ್ರತಿಯ ಮೇಲೆ ಮಾಡಿ.

ಹೇಗೆ ತೆಗೆಯಬೇಕು: ಫೋನ್ ಅಡ್ಡವಾಗಿ ಹಿಡಿದು, ಮೊದಲ ಹತ್ತು ಸೆಕೆಂಡ್ ಬಸ್ ನಿಲ್ದಾಣ, ಅಂಗಡಿ ಫಲಕ, ಗಡಿಯಾರ ಇಂಥದ್ದೊಂದು ಕಾಣಲಿ. ಏಟಿಗಿಂತ ಮುಂಚಿನ ದೃಶ್ಯ ಬೇಕು. ಎಲ್ಲರೂ ಏಟು ಶುರುವಾದ ಮೇಲೆ ಗುಂಡಿ ಒತ್ತುತ್ತಾರೆ. ಆಗ ‘ಅದಕ್ಕೂ ಮುಂಚೆ ಕಲ್ಲು ತೂರಿದರು’ ಎಂಬ ವಾದಕ್ಕೆ ಉತ್ತರವಿರುವುದಿಲ್ಲ. ಎದುರು ದಂಡೆಯವರ ಆಕ್ಷೇಪಕ್ಕೂ ಇದೇ ಪರಿಹಾರ: ಇಡೀ ಹೊತ್ತು ಬಿಡದೆ ತೆಗೆಯುವ ಇಬ್ಬರು, ಎತ್ತರದಲ್ಲಿ ಒಬ್ಬರು, ಮುಂಚೂಣಿಯಿಂದ ದೂರ. ಎದೆಯ ಮೇಲಿನ ಹೆಸರುಪಟ್ಟಿ, ತೋಳಿನ ಘಟಕದ ಗುರುತು, ವಾಹನ ಸಂಖ್ಯೆ ಹಿಡಿಯಿರಿ. ರಕ್ಷಾಕವಚ ಹಾಕಿದಾಗ ಹೆಸರುಪಟ್ಟಿ ಮುಚ್ಚಿಹೋಗುತ್ತದೆ, ಅದನ್ನೂ ದೃಶ್ಯದಲ್ಲಿ ದಾಖಲಿಸಿ. ಬಂಧಿಸುವಾಗ ಹೆಸರು ಕಾಣಬೇಕೆಂದು ಬಿಎನ್‌ಎಸ್‌ಎಸ್ 36 ಹೇಳುತ್ತದೆ. ಮತ್ತು, ದಯವಿಟ್ಟು, ಪ್ರತಿಭಟನಾಕಾರರ ಮುಖವನ್ನು ಹತ್ತಿರದಿಂದ ತೆಗೆದು ಹರಡಬೇಡಿ. ಅದೇ ಚಿತ್ರ ನಾಳೆ ಆರೋಪಿಗಳ ಪಟ್ಟಿಯಾಗುತ್ತದೆ.

ಅಂಗಡಿ, ಬ್ಯಾಂಕಿನ ಸಿಸಿಟಿವಿ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ. ಮರುದಿನವೇ ‘ಇಂಥ ದಿನ, ಇಂಥ ಗಂಟೆಯ ದೃಶ್ಯ ಉಳಿಸಿ’ ಎಂದು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯದ್ದು ಬೇರೆ: ಪರಮವೀರ್ ಸಿಂಗ್ ಸೈನಿ ತೀರ್ಪಿನಂತೆ (2020) 18 ತಿಂಗಳು, ಅಂಥ ಸಾಧನ ಸಿಗದಿದ್ದರೂ ಕನಿಷ್ಠ ಒಂದು ವರ್ಷ ಇಡಬೇಕು. ‘ಕ್ಯಾಮೆರಾ ಕೆಟ್ಟಿತ್ತು’ ಎಂದರೆ ಯಾವ ದಿನಾಂಕದಿಂದ, ದುರಸ್ತಿಗೆ ಯಾರಿಗೆ ಬರೆದರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ.

ಕಾರ್ಖಾನೆ ಗೇಟು

ಮಾಹಿತಿ ಹಕ್ಕು ಎಂದಿರಿ, ನಮ್ಮ ರಾಜ್ಯದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ತಿರಸ್ಕರಿಸುತ್ತಾರೆ. ಬೇರೆಬೇರೆ ಕೇಳಿ: ಆ ದಿನದ ನಿಯಂತ್ರಣ ಕೊಠಡಿಯ ಲಾಗ್, ಠಾಣಾ ದಿನಚರಿ, ಬಂದೋಬಸ್ತ್ ಆದೇಶ, ಅಶ್ರುವಾಯು ಷೆಲ್ಲುಗಳ ದಾಸ್ತಾನು ಪುಸ್ತಕ. ದಾಸ್ತಾನು ಪುಸ್ತಕವನ್ನು ಮರೆಯಬೇಡಿ. ಎಷ್ಟು ಷೆಲ್ ಹೊರಹೋಯಿತು, ಎಷ್ಟು ವಾಪಸ್ ಬಂತು ಎನ್ನುವುದನ್ನು ಯಾವ ಪತ್ರಿಕಾ ಹೇಳಿಕೆಯೂ ಅಳಿಸಲಾರದು.

ತುಂಗಾ ತೀರ

ಅಶ್ರುವಾಯುವಿಗೆ ಹಾಲು, ಈರುಳ್ಳಿ, ವಿನೆಗರ್, ಟೂತ್‌ಪೇಸ್ಟ್ ಎಂದೆಲ್ಲ ಸಂದೇಶ ಬರುತ್ತದೆ. ಯಾವುದು ಸರಿ?

ಮೂಳೆ ಮಾತು

ಯಾವುದೂ ಬೇಡ. ಶುದ್ಧ ನೀರು. ಇದು ವಾಯುವೇ ಅಲ್ಲ, ಸಿಎಸ್ ಎಂಬ ಘನವಸ್ತುವಿನ ಸೂಕ್ಷ್ಮ ಕಣಗಳು. ಹಾಲು ಕ್ರಿಮಿರಹಿತವಲ್ಲ, ಉಜ್ಜಿ ಕೆಂಪಾದ ಕಣ್ಣಿಗೆ ಸೋಂಕು ತರಬಹುದು. ಎಣ್ಣೆ, ಮುಲಾಮು ಕಣವನ್ನು ಚರ್ಮಕ್ಕೆ ಅಂಟಿಸಿ ಹಿಡಿಯುತ್ತವೆ. ಒದ್ದೆ ಬಟ್ಟೆ ಉಸಿರಿಗೆ ತುಸು ಸಹಾಯ, ಪೂರ್ತಿ ತಡೆಯಲ್ಲ.

ಗಾಳಿ ಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಹೋಗಿ. ಕಣಗಳು ತಗ್ಗಿನಲ್ಲಿ ಕೂರುತ್ತವೆ. ಕಣ್ಣು ಉಜ್ಜಬೇಡಿ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ, ತಲೆ ಒಂದು ಬದಿಗೆ ಓರೆ ಮಾಡಿ, ಮೂಗಿನ ಕಡೆಯಿಂದ ಹೊರಕ್ಕೆ 10ರಿಂದ 15 ನಿಮಿಷ ಹರಿಸಿ. ಒಬ್ಬರಿಗೆ ಲೀಟರಿಗಿಂತ ಹೆಚ್ಚೇ ಬೇಕಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಹೋಗಲೇಬಾರದು. ಬಟ್ಟೆ ಕಳಚಿ ಬೇರೆ ಚೀಲದಲ್ಲಿ ಕಟ್ಟಿ. ತೆರೆದ ಜಾಗದಲ್ಲಿ ಅರ್ಧ ಗಂಟೆಯಲ್ಲಿ ಉರಿ ಇಳಿಯಬೇಕು. ಇಳಿಯದಿದ್ದರೆ, ಎದೆ ಕಟ್ಟಿದರೆ, ಆಸ್ಪತ್ರೆ. ಉಬ್ಬಸ ಇರುವವರ ಜೇಬಿನಲ್ಲಿ ಇನ್‌ಹೇಲರ್ ಇರಲೇಬೇಕು. ಬಿದ್ದ ಷೆಲ್ ಬರಿಗೈಲಿ ಎತ್ತಬೇಡಿ, ಸುಡುತ್ತದೆ.

ನಿಜವಾದ ದೊಡ್ಡ ಗಾಯ ಹೊಗೆಯಿಂದಲ್ಲ, ಷೆಲ್ಲಿನ ಲೋಹದಿಂದ. ಮೇಲಕ್ಕೆ ಓರೆಯಾಗಿ ಹಾರಿಸಬೇಕಾದ್ದನ್ನು ನೇರ ಮುಖಕ್ಕೆ ಹಾರಿಸಿದಾಗ ತಲೆಬುರುಡೆ ಒಡೆಯುತ್ತದೆ. 2025ರ ಮಾರ್ಚ್ 12ರಂದು ಬ್ಯೂನಸ್ ಐರಿಸ್‌ನಲ್ಲಿ ಪಿಂಚಣಿದಾರರ ಪ್ರತಿಭಟನೆಯಲ್ಲಿ ಛಾಯಾಗ್ರಾಹಕ ಪಾಬ್ಲೊ ಗ್ರಿಲ್ಲೊಗೆ ಆದದ್ದು ಅದೇ. 2024ರ ಫೆಬ್ರುವರಿಯಲ್ಲಿ ಶಂಭು ಗಡಿಯಲ್ಲಿ ಹರಿಯಾಣ ಪೊಲೀಸರು ಬೆಂಬಲ ಬೆಲೆ ಕೇಳಿದ ರೈತರ ಮೇಲೆ ಡ್ರೋನ್‌ನಿಂದ ಷೆಲ್ ಬೀಳಿಸಿದರು. ಮೇಲಿನಿಂದ ಬೀಳುವಾಗ ಯಾರ ತಲೆ ಎನ್ನುವ ಲೆಕ್ಕವೇ ಇಲ್ಲ. ರಬ್ಬರ್, ಪ್ಲಾಸ್ಟಿಕ್ ಗುಂಡುಗಳ ಬಗ್ಗೆ 2017ರ ಒಂದು ವೈದ್ಯಕೀಯ ಸಮೀಕ್ಷೆ ಹಲವು ದೇಶಗಳ 1,984 ಗಾಯಾಳುಗಳನ್ನು ಲೆಕ್ಕ ಹಾಕಿತು: 53 ಸಾವು, 300 ಮಂದಿಗೆ ಶಾಶ್ವತ ಅಂಗವಿಕಲತೆ.

ಕಣ್ಣಿಗೆ ಚೆಂಡು, ಪೆಲೆಟ್ ತಾಗಿ ಒಳಹೊಕ್ಕಿದ್ದರೆ ನಿಯಮ ತಿರುಗುಮುರುಗು: ತೊಳೆಯಬೇಡಿ, ಒತ್ತಬೇಡಿ, ಕೀಳಬೇಡಿ. ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮೂಳೆಯ ಅಂಚಿಗೆ ಕೂರಿಸಿ ಅಂಟಿಸಿ. ಶಸ್ತ್ರಚಿಕಿತ್ಸೆ ಬೇಕಾಗುವುದರಿಂದ ತಿನ್ನಲು, ಕುಡಿಯಲು ಕೊಡಬೇಡಿ. ಲೋಹದ ಚೂರಿರಬಹುದಾದರೆ ಎಂಆರ್‌ಐ ಮಾಡಿಸಲೇಬಾರದು, ಆಯಸ್ಕಾಂತಕ್ಕೆ ಚೂರು ಒಳಗೇ ಸರಿಯುತ್ತದೆ, ಸಿಟಿ ಸಾಕು. ತೆಗೆದ ಚೂರನ್ನು ಎಂಎಲ್‌ಸಿ ವಸ್ತುವಾಗಿ ಮೊಹರು ಮಾಡಿಸಿ. ಚಿಲಿಯಲ್ಲಿ ಕೆಲಸಕ್ಕೆ ಬಂದದ್ದು ಅದೇ.

ಎದುರು ದಂಡೆ

ಇಷ್ಟೆಲ್ಲ ಇಟ್ಟುಕೊಂಡು ಠಾಣೆಗೆ ಹೋದರೆ ‘ಆ ಘಟನೆಗೆ ಆಗಲೇ ಎಫ್‌ಐಆರ್ ಆಗಿದೆ’ ಎನ್ನುತ್ತಾರೆ. ಅದು ಪ್ರತಿಭಟನಾಕಾರರ ಮೇಲೇ ಆದ ಎಫ್‌ಐಆರ್. ಒಂದೇ ಘಟನೆಗೆ ಎರಡು ಆಗದು ಎಂಬ ತೀರ್ಪೂ ಇದೆಯಲ್ಲ?

ಕರಿಕೋಟು

ಟಿ.ಟಿ. ಆಂಟನಿ ತೀರ್ಪನ್ನು (2001) ಹೀಗೆ ಬಳಸುತ್ತಾರೆ. ಉಪಕಾರ್ ಸಿಂಗ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟೇ ಸ್ಪಷ್ಟಪಡಿಸಿದೆ: ಎದುರು ಪಕ್ಷದ ಪ್ರತಿದೂರಿಗೆ ಆ ತಡೆ ಅನ್ವಯಿಸದು. ದೂರಿನಲ್ಲೇ ಆ ಹೆಸರು ಬರೆಯಿರಿ. ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ 173(4)ರಂತೆ ಎಸ್‌ಪಿಗೆ ಅಂಚೆಯಲ್ಲಿ, ಆಮೇಲೆ ಮ್ಯಾಜಿಸ್ಟ್ರೇಟ್‌ಗೆ. ಈ ಕ್ರಮ ಬಿಟ್ಟು ನೇರ ಕೋರ್ಟಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಅರ್ಜಿಗೆ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸುವುದು ಮರೆಯಬೇಡಿ.

ಮುಂದಿನ ಗೋಡೆ ದೊಡ್ಡದು. ಅಧಿಕಾರಿಯ ಮೇಲೆ ಕೇಸು ನಡೆಸಲು ಸರ್ಕಾರದ ಪೂರ್ವಾನುಮತಿ: ಬಿಎನ್‌ಎಸ್‌ಎಸ್ 218, ಗುಂಪು ಚದುರಿಸಿದ ಕೃತ್ಯಕ್ಕೆ 151, ಜೊತೆಗೆ ಕರ್ನಾಟಕ ಪೊಲೀಸ್ ಕಾಯ್ದೆಯ 170. ದೇವರಾಜ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ ವಿಷಯದಲ್ಲೇ, ಕರ್ತವ್ಯ ಮೀರಿದ್ದರೂ ಕರ್ತವ್ಯದೊಂದಿಗೆ ಸಮಂಜಸ ಸಂಬಂಧವಿದ್ದರೆ ಅನುಮತಿ ಬೇಕು ಎಂದಿದೆ. ಬಿಎನ್‌ಎಸ್‌ಎಸ್ 223(2) ಇನ್ನೊಂದು ಹಂತ ಸೇರಿಸಿದೆ: ಖಾಸಗಿ ದೂರನ್ನು ಕೋರ್ಟು ವಿಚಾರಣೆಗೆ ಪರಿಗಣಿಸುವ ಮುನ್ನವೇ ಅಧಿಕಾರಿಯ ಮಾತನ್ನೂ ಮೇಲಧಿಕಾರಿಯ ವರದಿಯನ್ನೂ ನೋಡಬೇಕು. ಹಾಗಾಗಿಯೇ ‘ಆಗಲೇ ಹಿಡಿದಿಟ್ಟಿದ್ದ, ಕೆಳಗೆ ಬಿದ್ದಿದ್ದ, ವ್ಯಾನಿನೊಳಗಿದ್ದ’ ವ್ಯಕ್ತಿಗೆ ಬಿದ್ದ ಏಟನ್ನು ಬೇರೆ ಮಾಡಿ ತೋರಿಸುವುದು ಇಷ್ಟು ಮುಖ್ಯ. ಆ ಕೃತ್ಯಕ್ಕೂ ಕರ್ತವ್ಯಕ್ಕೂ ನಂಟು ಕಡಿದಷ್ಟು ಗೋಡೆ ತಗ್ಗುತ್ತದೆ.

ಪರಿಹಾರಕ್ಕೆ ಈ ಅನುಮತಿ ಬೇಕಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್. ನೀಲಾಬತಿ ಬೆಹೆರಾ ತೀರ್ಪು (1993) ಆಧಾರ. ಕ್ರಿಮಿನಲ್ ಕೇಸಿಗಾಗಿ ಕಾಯದೆ ಎರಡನ್ನೂ ಜೊತೆಜೊತೆಗೆ ನಡೆಸಿ.

ಹಳೇ ಕಡತ

ಆಯೋಗಗಳನ್ನು ನಂಬಿ ಕೂರಬೇಡಿ ಎಂದೂ ಸೇರಿಸಿ. ತೂತ್ತುಕುಡಿಯಲ್ಲಿ 2018ರ ಮೇ 22ರಂದು, ಸ್ಟರ್ಲೈಟ್ ತಾಮ್ರ ಘಟಕದ ವಿರುದ್ಧದ ಹೋರಾಟದ 100ನೇ ದಿನ, ಗುಂಡು ಹಾರಿತು. ಆ ಘಟನೆಯಲ್ಲಿ 13 ಜನ ಸತ್ತರು. ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ 17 ಪೊಲೀಸರ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. ಆಯೋಗದ ವರದಿ ಶಿಫಾರಸು ಅಷ್ಟೇ, ಸರ್ಕಾರವನ್ನು ಕಟ್ಟಿಹಾಕದು. ಆದರೆ ಆಯೋಗದ ಮುಂದಿಟ್ಟ ಪ್ರತಿಯೊಂದು ಅಫಿಡವಿಟ್‌ನ ಪ್ರತಿಯನ್ನೂ ಸಂಘಟನೆ ಇಟ್ಟುಕೊಳ್ಳಲಿ.

ಕಾರ್ಖಾನೆ ಗೇಟು

ಒಂದು ಎಚ್ಚರಿಕೆ. ಏಟಿನ ಕೇಸು ಶುರುವಾದರೆ ಸಂಘಟನೆಯ ಇಡೀ ಶಕ್ತಿ ಜಾಮೀನು, ವಾಯಿದೆಗೆ ಹೋಗುತ್ತದೆ, ಭೂಮಿಯ ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸುವ ದಿನ ತಪ್ಪುತ್ತದೆ. ಕಾನೂನು ತಂಡವನ್ನೂ ಬೇಡಿಕೆಯ ತಂಡವನ್ನೂ ಮೊದಲ ದಿನವೇ ಬೇರೆ ಮಾಡಿ. ಪತ್ರಿಕಾ ಹೇಳಿಕೆಯ ಮೊದಲ ಪ್ಯಾರಾದಲ್ಲಿ ಬೇಡಿಕೆ ಇರಲಿ, ಎರಡನೆಯದರಲ್ಲಿ ಏಟು. ಚನ್ನರಾಯಪಟ್ಟಣದವರು 1,198 ದಿನವೂ ಎಕರೆಯ ಲೆಕ್ಕ ಬಿಡಲಿಲ್ಲ.

ಹೊಲದ ಬದು

ಕೊನೆಯದೊಂದು: ಕಾಲಮಿತಿ. ಜಿನೋವಾದಲ್ಲಿ ಆದದ್ದು ನಮ್ಮಲ್ಲಿ ಆಗದಿರಲು?

ಕರಿಕೋಟು

ಬಿಎನ್‌ಎಸ್‌ಎಸ್ 514. ಸಾಧಾರಣ ಗಾಯಕ್ಕೆ, ಅಂದರೆ ಬಿಎನ್‌ಎಸ್ 115(2)ಕ್ಕೆ, ಗರಿಷ್ಠ ಶಿಕ್ಷೆ ಒಂದು ವರ್ಷ, ಆದ್ದರಿಂದ ಕಾಲಮಿತಿಯೂ ಒಂದು ವರ್ಷ. ತೀವ್ರ ಗಾಯಕ್ಕೆ, 117(2)ಕ್ಕೆ, ಏಳು ವರ್ಷದವರೆಗೆ ಶಿಕ್ಷೆ ಇರುವುದರಿಂದ ಕಾಲಮಿತಿ ಇಲ್ಲ. 15 ದಿನದ ಚಿಕಿತ್ಸಾ ಚೀಟಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಮಾನವ ಹಕ್ಕು ಆಯೋಗಕ್ಕೆ, ರಾಷ್ಟ್ರೀಯವಾಗಲಿ ರಾಜ್ಯದ್ದಾಗಲಿ, ಘಟನೆಯಿಂದ ಒಂದು ವರ್ಷ. ಒಂದು ಕಡೆ ದಾಖಲಾದರೆ ಇನ್ನೊಂದು ಕಡೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಯೋಚಿಸಿ ಒಂದನ್ನೇ ಆರಿಸಿ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ಪ್ರತ್ಯೇಕ ದೂರು ಕೊಡಿ. ಎಲ್ಲ ದೂರುಗಳಲ್ಲೂ ಸಮಯ, ಸ್ಥಳ, ಗಾಯದ ವಿವರ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಒಂದರಲ್ಲಿ ‘ಎಡ ಭುಜ’, ಇನ್ನೊಂದರಲ್ಲಿ ‘ಬಲ ಭುಜ’ ಎಂದಿದ್ದರೆ ಪಾಟೀ ಸವಾಲಿನಲ್ಲಿ ಮೊದಲು ಹಿಡಿಯುವುದು ಅದನ್ನೇ.